ಯಾವ ನಿಲ್ಲಿಸು

ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತದೆಯೇ ಎಂದು ಹಂಪೇಶ್ ಕನ್ನಡಿಯ ಮುಂದೆ ನಿಂತು ನೋಡುತ್ತಿದ್ದ. ಬಲಗೈಯನ್ನು ಬೆನ್ನ ಹಿಂದೆ ಮಡಚಿ ಇಟ್ಟುಕೊಂಡಿದ್ದ. ಕೆಳಗಿನ ಗುಂಡಿಗಳು ಹೇಗೋ ತೂರಿದವು. ಕೊರಳ ಹತ್ತಿರದ್ದು ಮಾತ್ರ ಹೆಬ್ಬೆರಳಿನ ತುದಿಯವರೆಗೆ ಬಂದು ಜಾರಿ ಜಾರಿ ಹೋಗುತ್ತಿತ್ತು. ಹೋದ ಅಮಾವಾಸ್ಯೆಯಿಂದ ಹತ್ತಿದ ಚಾಳಿ ಇದು. ಒಂದೇ ಕೈಯಲ್ಲಿ ಟವೆಲ್ ಹಿಂಡಲು ನೋಡಿದ್ದ, ಬರಲಿಲ್ಲ. ಎಡಗೈಯಲ್ಲಿ ಅನ್ನ ಕಲಸಲು ಹೋಗಿ, ಎದುರಿಗೆ ಕುಳಿತವರು ನೋಡಿಯಾರೆಂದು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ಯಾರಿಗೂ ಹೇಳುವಂಥದ್ದಲ್ಲ. ಹೀಗೆ ಮಾಡಿದರೆ ಯಾರ ಭಾರವೂ ಕಡಿಮೆಯಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಗುಂಡಿ ಜಾರಿದಾಗಲೆಲ್ಲ ಎದೆಯೊಳಗೆ ಸಣ್ಣದೊಂದು ಸಮಾಧಾನ ಆಗುತ್ತಿತ್ತು, ಶಿಕ್ಷೆ ಸರಿಯಾಗಿ ನಡೆಯುತ್ತಿದೆ ಎಂಬಂತೆ.

"ಕೈಗೇನಾಗೇತ್ರಿ?" ಹೆಂಡತಿ ಗಂಗಾಂಬಿಕಾ ಬಾಗಿಲಲ್ಲಿ ನಿಂತಿದ್ದಳು.

"ಏನಿಲ್ಲ."

"ಏನಿಲ್ಲ ಅಂದ್ರ ಹಿಂದ ಕಟ್ಟಿಕೊಂಡು ಯಾಕ ನಿಂತೀರಿ? ಸಾಲ್ಯಾಗ ಮಾಸ್ತರು ನಿಲ್ಲಿಸಿದಂಗ." ನಕ್ಕು ತಾನೇ ಹತ್ತಿರ ಬಂದು ಕೊರಳ ಗುಂಡಿ ಹಾಕಿದಳು. ಅವಳ ಬೆರಳಿಗೆ ಅರಿಶಿನದ ವಾಸನೆ ಇತ್ತು. "ಇವತ್ತು ಅಮಾಸಿ. ಒಂದು ಕಾಯಿ ಒಡದು ಹೋಗ್ರಿ, ವಿಚಾರಣಿ ಅಂತೀರಿ."

"ಕಾಯಿ ಬ್ಯಾಡ!" ಎಂದ. ಅಷ್ಟು ಜೋರಾಗಿ ಹೇಳಬೇಕೆಂದು ಇರಲಿಲ್ಲ. ಅವಳು ಕೈ ತೆಗೆದು ಒಳಗೆ ಹೋದಳು. ಪಾತ್ರೆಯೊಂದು ಬೇಕೆಂದೇ ಸದ್ದು ಮಾಡಿತು. ಕೆಳಗೆ ಅಂಜಿನಯ್ಯನವರ ಕಾರು ಹಾರ್ನ್ ಹಾಕುತ್ತಿತ್ತು.

ಹೊಸಪೇಟೆಯ ಟೈರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅಂಜಿನಯ್ಯನವರ ಕಂಪನಿ. ಅದಿರು ತೊಳೆಯುವ ಪ್ಲಾಂಟುಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಓಡುವ ಬೆಲ್ಟುಗಳನ್ನು ಕಂಪ್ಯೂಟರಿನಿಂದ ನಡೆಸುವ ಪ್ರೋಗ್ರಾಮು ಅಲ್ಲಿ ತಯಾರಾಗುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತ ಆಪರೇಟರು ಕನ್ನಡದಲ್ಲೇ ಟೈಪ್ ಮಾಡಬಹುದು: ನಡೆಸು, ನಿಧಾನಿಸು, ನಿಲ್ಲಿಸು. ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿಕೊಂಡಿದ್ದ ಹಂಪೇಶನನ್ನು ಕರೆತಂದು, ಈ ಆಜ್ಞೆಗಳ, ಅಂದರೆ ಫಂಕ್ಷನ್ನುಗಳ, ಮ್ಯಾನ್ಯುಯಲ್ ಬರೆಯುವ ಕೆಲಸ ಕೊಟ್ಟವರು ಅವರೇ. ಬುಕ್ಕು ಎಂದೇ ಎಲ್ಲರೂ ಕರೆಯುತ್ತಿದ್ದರು. ಬುಕ್ಕು ಬರೆಯುವ ಮೊದಲು ಅವನೊಂದು ನಿಯಮ ಮಾಡಿಕೊಂಡಿದ್ದ. ಒಂದೇ ಹೆಸರಿನ ಎರಡು ಫಂಕ್ಷನ್ ಇರುತ್ತವೆ, ಅವಕ್ಕೆ ಕೊಡುವ ಸಂಗತಿಗಳ ಲೆಕ್ಕದಿಂದ ಮಾತ್ರ ಬೇರೆಯಾಗುತ್ತವೆ. ಆದ್ದರಿಂದ ಹೆಸರು ಬಂದಲ್ಲೆಲ್ಲ ಅದರ ಮುಂದೆ ಒಂದು ಓರೆಗೆರೆ, ಗೆರೆಯ ಮುಂದೆ ಆ ಲೆಕ್ಕ ಬರೆಯಬೇಕು. ನಿಲ್ಲಿಸು/೧ ಎಂದರೆ ಬೆಲ್ಟಿನ ನಂಬರ್ ಒಂದನ್ನೇ ಕೊಡುವುದು. ಬೆಲ್ಟು ತಾತ್ಕಾಲಿಕವಾಗಿ ನಿಲ್ಲುತ್ತದೆ, ಮುಂದಿನ ಬೆಲ್ಟಿನ ಮೇಲಿನ ಮಾಲು ಖಾಲಿಯಾದ ಕೂಡಲೇ ತಾನಾಗಿಯೇ ಓಡುತ್ತದೆ. ನಿಲ್ಲಿಸು/೨ ಎಂದರೆ ಬೆಲ್ಟಿನ ನಂಬರಿನ ಜೊತೆಗೆ ಒಳಗೆ ಕೈಹಾಕುವವನ ಬ್ಯಾಡ್ಜ್ ನಂಬರನ್ನೂ ಕೊಡುವುದು. ಅವನು ತಾನೇ ಹೊರಗೆ ಬಂದು ಬ್ಯಾಡ್ಜ್ ತೋರಿಸುವವರೆಗೆ ಬೆಲ್ಟು ಅಲುಗುವುದಿಲ್ಲ. ಪಾಠದಲ್ಲಿ, ಎಚ್ಚರಿಕೆಯಲ್ಲಿ, ಚಿತ್ರದ ಕೆಳಗಿನ ಸಾಲಿನಲ್ಲಿ, ಎಲ್ಲಿ ಬಂದರೂ ಹೀಗೇ ಬರೆಯಬೇಕು. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಬರೆದೂ ಉಪಯೋಗವಿಲ್ಲ. ಈ ನಿಯಮದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು. ಅದನ್ನು ಹೇಳಿಕೊಳ್ಳಲು ಯಾರೂ ಸಿಕ್ಕಿರಲಿಲ್ಲ, ಅಷ್ಟೇ.

ಕಾರಿನಲ್ಲಿ ಅಂಜಿನಯ್ಯ ಹಿಂದಿನ ಸೀಟಿನಲ್ಲೇ ಅವನ ಪಕ್ಕ ಕೂತಿದ್ದರು. ಸಂಡೂರಿನ ದಾರಿ. ಗುಡ್ಡದ ತಿರುವುಗಳಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು, ದಾರಿಬದಿಯ ಗಿಡಗಳ ಎಲೆಗಳು ಹಸಿರೆಂಬುದನ್ನೇ ಮರೆತು ಕೆಂಪಗೆ ಕೂತಿದ್ದವು. ಲಾರಿ ಹಾದುಹೋದ ಮೇಲೆ ಡ್ರೈವರು ವೈಪರ್ ಹಾಕಿದ. ಗಾಜಿನ ಮೇಲೆ ಎರಡು ಕೆಂಪು ಬಿಲ್ಲುಗಳು ಮೂಡಿದವು.

"ಹಂಪೇಶಪ್ಪಾ, ಅವರು ಏನು ಕೇಳಿದ್ರೂ ಒಂದ ಮಾತು. ಬುಕ್ಕಿನಾಗ ಐತಿ."

"ಯಾವ ನಿಲ್ಲಿಸು ಅನ್ನೋದು ಬುಕ್ಕಿನ ಹಿಂಭಾಗದಾಗ ಐತ್ರಿ. ಪೂಜಿ ಪುಟದಾಗ ಇಲ್ರಿ."

"ಇಲ್ಲ ಅನ್ನೋದನ್ನ ಅವರು ಹುಡುಕಲಿ. ನಾವ್ಯಾಕ ಎತ್ತಿ ಕೊಡಬೇಕು?" ಅಂಜಿನಯ್ಯ ಅವನ ತೊಡೆಯ ಮೇಲೆ ಮೆಲ್ಲಗೆ ತಟ್ಟಿದರು. "ನಿಮಗ ನಿದ್ದಿ ಇಲ್ಲ ಅಂತ ಮುಖ ನೋಡಿದ್ರ ಗೊತ್ತಾಗ್ತೈತಿ. ನನಗೂ ಇಲ್ಲ. ಹಂಗಂತ ಹತ್ತು ಮನಿ ಊಟ ಕೆಡಸಾಕ ಆಗ್ತೈತೇನು? ಆಫೀಸ್ ಮುಚ್ಚಿದ್ರ ಆ ಹುಡುಗರೆಲ್ಲ ಎಲ್ಲಿಗೆ ಹೋಗ್ಬೇಕು?"

"ಬುಕ್ಕು ತಿದ್ದಿ ಕಳಸೋಣೇನ್ರಿ? ಬ್ಯಾರೆ ಕಡೆಗೂ ಅದ ಬುಕ್ಕು ಐತಿ. ಕಂಪ್ಲಿ ಗಿರಣ್ಯಾಗ…"

"ಕೇಸು ಮುಗೀಲಿ. ಈಗ ತಿದ್ದಿದ್ರ ತಪ್ಪಿತ್ತು ಅಂತ ನಾವ ಒಪ್ಪಿದಂಗ ಆಗ್ತೈತಿ. ಫೋನೂ ಮಾಡಬ್ಯಾಡ್ರಿ ಯಾರಿಗೂ."

ಅಂಜಿನಯ್ಯ ಕೆಟ್ಟವರಲ್ಲ. ಅವನ ತಾಯಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹಗಲು ಕಾರು ಬಿಟ್ಟುಕೊಟ್ಟಿದ್ದರು. ಅವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂದು ಅವನಿಗೆ ಅನ್ನಿಸಿತು. ಮಾಡಬೇಡಿ ಎಂದದ್ದು ಅವರೇ ನಿಜ, ಆದರೆ ಇಷ್ಟು ದಿನ ಮಾಡದೆ ಇದ್ದವನು ತಾನು. ಕಂಪ್ಲಿಯ ಗಿರಣಿಯ ನಂಬರ್ ಒತ್ತಿ, ಅತ್ತ ಒಂದು ರಿಂಗ್ ಆಗುತ್ತಿದ್ದಂತೆಯೇ ಕತ್ತರಿಸಿ, ಫೋನನ್ನು ಬೋರಲು ಹಾಕಿ ಕೂತಿದ್ದ. ಇವತ್ತು ವಿಚಾರಣೆಯಲ್ಲಿ ಹೇಳಿಬಿಟ್ಟರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ, ಬುಕ್ಕೂ ತಿದ್ದಲ್ಪಡುತ್ತದೆ, ಆಪರೇಟರ್ ಮೌನೇಶನ ತಲೆಯ ಮೇಲಿನ ತಪ್ಪೂ ಇಳಿಯುತ್ತದೆ ಎಂದು ಹೇಳಿಕೊಂಡು ದಿನ ತಳ್ಳಿದ್ದ. ಇವತ್ತು ಬಂದಿತ್ತು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೂ ಬಂದಿದ್ದ. ನಾನು ಬರೆದ ಬುಕ್ಕಿನಲ್ಲೇ ತಪ್ಪಿದೆ. ಇಷ್ಟೇ ಮಾತು. ಇದನ್ನು ಹೇಳಲು ಒಂದು ಉಸಿರು ಸಾಕು.

ತರಬೇತಿಯ ದಿನ ಕ್ಯಾಂಟೀನಿನ ಗೋಡೆಯ ಮೇಲೆ ಬುಕ್ಕಿನ ಪುಟಗಳನ್ನು ದೊಡ್ಡದಾಗಿ ತೋರಿಸುತ್ತಿದ್ದಾಗ ಫಿಟ್ಟರ್ ಉಚ್ಚೆಂಗಪ್ಪ ಕೈ ಎತ್ತಿದ್ದ. "ಸರ, ಇದೇನು ಮನಿ ನಂಬರೇನ್ರಿ? ನಿಲ್ಲಿಸು ಬಾರ್ ಎರಡು. ಬಾಗಲಕ್ಕ ಬರದು ಹೋಗ್ತಾರಲ್ಲ ಜನಗಣತಿಯವರು, ಹಂಗೈತಿ." ಸಾಲಿಗೆ ಸಾಲೇ ನಕ್ಕಿತು. ಇನ್ಯಾರೋ "ಬಾರ್ ಎರಡು ಅಂದ್ರ ಎರಡು ಬಾರು, ಸಂಡೂರಾಗ ಒಂದು, ತೋರಣಗಲ್ಲಾಗ ಒಂದು" ಎಂದ. ಆಗ ಅಂಜಿನಯ್ಯನವರೂ ನಕ್ಕರು, ಪ್ಲಾಂಟಿನ ಮ್ಯಾನೇಜರೂ ನಕ್ಕರು. ಹಂಪೇಶನೂ ನಕ್ಕ. ತರಗತಿಯಲ್ಲಿ ಎಷ್ಟೋ ಸಲ ಹುಡುಗರು ನಕ್ಕಿದ್ದರು, ಆಗ ಹೀಗಾಗಿರಲಿಲ್ಲ. ಇಲ್ಲಿ ಕಿವಿಯ ತುದಿ ಸುಟ್ಟ ಹಾಗಾಯಿತು. ಸಂಜೆ ಅಂಜಿನಯ್ಯ "ಓದೋರಿಗೆ ಸಲೀಸಾಗಿ ಇರಲಿ ಬಿಡ್ರಿ" ಎಂದರಷ್ಟೇ. ತೆಗೆಯಿರಿ ಎಂದು ಹೇಳಲಿಲ್ಲ. ಆ ರಾತ್ರಿ ಕೂತು ಗೆರೆಯನ್ನೂ ಅಂಕಿಯನ್ನೂ ಒಂದೊಂದಾಗಿ ತೆಗೆದವನು ಹಂಪೇಶನೇ. ಅರ್ಧ ಬುಕ್ಕಿನವರೆಗೆ ತೆಗೆದ. ಉಳಿದರ್ಧ ಯಾರೂ ಓದುವುದಿಲ್ಲ ಎನ್ನಿಸಿ, ಕಣ್ಣು ಎಳೆದು, ಹಾಗೇ ಬಿಟ್ಟು ಪ್ರೆಸ್ಸಿಗೆ ಕಳಿಸಿದ. ಮುಂಭಾಗದಲ್ಲಿ ಬರೀ ನಿಲ್ಲಿಸು, ಹಿಂಭಾಗದಲ್ಲಿ ಗೆರೆ, ಅಂಕಿ. ಯಾವುದೆಂದು ಸಂದರ್ಭ ನೋಡಿದರೆ ತಿಳಿಯುತ್ತದೆ ಎಂದುಕೊಂಡಿದ್ದ.

ಅವ್ವ ಅಪ್ಪನ ಹೆಸರನ್ನು ಎಂದೂ ಹೇಳಿದವಳಲ್ಲ. ಇವ್ರು ಅನ್ನುತ್ತಿದ್ದಳು. ಇವ್ರು ಉಂಡ್ರು, ಇವ್ರಿಗೆ ಜ್ವರ, ಇವ್ರ ಅಂಗಿ ಎಲ್ಲೈತಿ. ದೊಡ್ಡವ್ವನೂ ಅದೇ ಮನೆಯಲ್ಲಿ ದೊಡ್ಡಪ್ಪನಿಗೆ ಇವ್ರು ಅನ್ನುತ್ತಿದ್ದಳು. ಯಾರೂ ಗೊಂದಲಪಟ್ಟದ್ದನ್ನು ಅವನು ನೋಡಿರಲಿಲ್ಲ. ಮಾತಾಡುವವಳ ಮುಖ ಎದುರಿಗೆ ಇರುತ್ತಿತ್ತು, ಆ ಮುಖ ಯಾರ ಕಡೆ ತಿರುಗಿದೆ ಎಂಬುದೂ ಕಾಣುತ್ತಿತ್ತು. ಬುಕ್ಕಿಗೆ ಮುಖ ಇಲ್ಲ. ಇದು ಅವನಿಗೆ ಹೊಳೆದದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಪ್ಲಾಂಟಿನ ಕೆಲಸಗಾರ ಉಜ್ಜಿನಪ್ಪನ ರಕ್ತ ಮೆತ್ತಿದ ಅಂಗಿಯನ್ನು ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಇಳಿಯುತ್ತಿದ್ದಾಗ.

ಈ ಭಾಗದಲ್ಲಿ ಅಮಾವಾಸ್ಯೆಗೆ ಯಂತ್ರಗಳ ಪೂಜೆ ಆಗದ ಪ್ಲಾಂಟ್ ಇಲ್ಲ. ಬೆಲ್ಟಿನ ಹಿಂತುದಿಯ ಡ್ರಮ್ಮಿಗೆ ವಿಭೂತಿ ಬಳಿದು, ಅದರ ಕಂಬಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯುತ್ತಾರೆ. ಬೆಲ್ಟ್ ಬಿಚ್ಚಿ ರಿಪೇರಿ ಮಾಡುವವನು ಒಳಗೆ ಹೋಗುತ್ತಾನೆ. ಅವನಿಗೆ ಹೆಲ್ಮೆಟ್ಟು, ಬ್ಯಾಡ್ಜು ಎಲ್ಲ ಬೇಕು. ಪೂಜೆ ಮಾಡುವವನು ಒಳಗೆ ಹೋದ ಹಾಗೆ ಯಾರಿಗೂ ಅನ್ನಿಸುವುದಿಲ್ಲ. ಅವನು ಚಪ್ಪಲಿ ಬಿಟ್ಟು, ಹೆಲ್ಮೆಟ್ ತೆಗೆದಿಟ್ಟು, ಬ್ಯಾಡ್ಜನ್ನು ಗೂಟಕ್ಕೆ ಹಾಕಿ, ಕೈಮುಗಿದು ಬಗ್ಗುತ್ತಾನೆ. ಇದನ್ನೆಲ್ಲ ಹಂಪೇಶ್ ಕಣ್ಣಾರೆ ನೋಡಿದ್ದ. ಅದಕ್ಕೇ ಬುಕ್ಕಿನಲ್ಲಿ ಪೂಜೆಗೆಂದೇ ಒಂದು ಪುಟ ಇಟ್ಟಿದ್ದ. ಬೇರೆ ಯಾವ ಊರಿನ ಮ್ಯಾನ್ಯುಯಲ್ಲಿನಲ್ಲೂ ಇಂಥ ಪುಟ ಇರಲಾರದು ಎಂದು ಬೀಗಿದ್ದ. ಮೊದಲು ಬರೆದಾಗ ಅಲ್ಲಿ ನಿಲ್ಲಿಸು/೨ ಎಂದೇ ಇತ್ತು. ಅಚ್ಚಾದಾಗ, 'ಪೂಜೆಗೆ ಮುಂಚೆ ಬೆಲ್ಟಿಗೆ ನಿಲ್ಲಿಸು ಕೊಡಬೇಕು.' ಹೋದ ಅಮಾವಾಸ್ಯೆಗೆ ಕಂಟ್ರೋಲ್ ರೂಮಿನಲ್ಲಿದ್ದ ಮೌನೇಶ್ ಕೊಟ್ಟ. ಚಿಕ್ಕದನ್ನು, ನಿಲ್ಲಿಸು/೧ ಅನ್ನು, ಕೊಟ್ಟ. ಎರಡು ನಿಮಿಷದ ಪೂಜೆಗೆ ಚಿಕ್ಕದು ಸಾಕೆಂದು ಯಾರಿಗಾದರೂ ಅನ್ನಿಸುತ್ತದೆ. ಮುಂದಿನ ಬೆಲ್ಟು ಬೇಗ ಖಾಲಿಯಾಯಿತು, ನಿಂತ ಬೆಲ್ಟು ತಾನಾಗಿಯೇ ಓಡಿತು. ಉಜ್ಜಿನಪ್ಪ ಆಗ ಲಿಂಬೆಹಣ್ಣಿನ ದಾರಕ್ಕೆ ಗಂಟು ಹಾಕುತ್ತಿದ್ದ.

ಪ್ಲಾಂಟಿನ ಆಡಳಿತ ಕಚೇರಿ ಸಂಡೂರಿನ ಅಂಚಿನಲ್ಲಿತ್ತು. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಅಂಜಿನಯ್ಯ ಮ್ಯಾನೇಜರನ್ನು ನೋಡಲು ಒಳಗೆ ಹೋದರು. ಹಂಪೇಶ್ ತಲೆ ಎತ್ತಿದಾಗ ಮೂರು ಜನ ಎದ್ದು ನಿಂತಿದ್ದರು: ಕುರೆಕುಪ್ಪದ ಮೌನೇಶ್, ಚೋರನೂರಿನ ಉಜ್ಜಿನಪ್ಪ, ಅವನ ಹೆಂಡತಿ ರೇಣುಕಮ್ಮ. ತನ್ನನ್ನು ನೋಡಿ ಎದ್ದು ನಿಂತರಲ್ಲ ಎಂದು ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಉಜ್ಜಿನಪ್ಪನ ಬಲತೋಳು ಮೊಣಕೈಯ ಮೇಲಕ್ಕೇ ಮುಗಿದಿತ್ತು. ತುಂಬುತೋಳಿನ ಅಂಗಿಯ ತುದಿಯನ್ನು ಮಡಚಿ ಪಿನ್ ಹಾಕಿದ್ದರು. ನಮಸ್ಕಾರ ಮಾಡಲು ಹೋದವನು ಒಂದೇ ಕೈ ಮೇಲಕ್ಕೆ ಬಂದದ್ದನ್ನು ನೋಡಿ, ಅದನ್ನೇ ಎದೆಯ ಮೇಲೆ ಇಟ್ಟುಕೊಂಡು ಹಲ್ಲು ಬಿಟ್ಟ.

"ಕುಂದ್ರಿ, ಕುಂದ್ರಿ," ಎಂದ ಹಂಪೇಶ್. "ಹೆಂಗೈತಿ ಈಗ?"

"ಐತ್ರಿ ಸರ. ಇಲ್ಲದ ಕೈ ಕಡಿತೈತಿ ನೋಡ್ರಿ, ಅದ ಒಂದು ತ್ರಾಸು. ತುರಸಾಕ ಹೋದ್ರ ಅಲ್ಲೇನೂ ಇರಾಂಗಿಲ್ಲ." ಉಜ್ಜಿನಪ್ಪ ಅದನ್ನು ತಮಾಷೆಯ ಹಾಗೆ ಹೇಳಿದ. ರೇಣುಕಮ್ಮ ನಗಲಿಲ್ಲ.

ಹಂಪೇಶ್ ಮೌನೇಶನನ್ನು ನೀರಿನ ಫಿಲ್ಟರಿನ ಹತ್ತಿರ ಕರೆದ. ಲೋಟ ಹಿಡಿದು ನಳ ತಿರುಗಿಸಿದ. ಏನಾದರೂ ಕೆಲಸ ಕೈಯಲ್ಲಿ ಇದ್ದರೆ ಮಾತು ಬರುತ್ತದೆಂದು. "ಮೌನೇಶ, ನಿನ್ನ ತಪ್ಪಿಲ್ಲ. ಬುಕ್ಕಿನಾಗ ಯಾವ ನಿಲ್ಲಿಸು ಅಂತ ನಾನು ಬರದಿಲ್ಲ. ಇವತ್ತ ಒಳಗ ಅದನ್ನ ಹೇಳ್ತೀನಿ."

ಆ ಹುಡುಗನ ಮುಖದಲ್ಲಿ ಬೆಳಕು ಮೂಡಬಹುದೆಂದು ಅವನು ಕಾದಿದ್ದ. ಎಷ್ಟೋ ಸಲ ಈ ಗಳಿಗೆಯನ್ನು ಮನಸ್ಸಿನಲ್ಲಿ ಆಡಿಸಿ ನೋಡಿದ್ದ. ಮೌನೇಶ್ ಅವನ ಕೈ ಹಿಡಿದುಕೊಳ್ಳುತ್ತಿದ್ದ, ಒಂದೊಂದು ಸಲ ಅಳುತ್ತಲೂ ಇದ್ದ. ಈಗ ಮೌನೇಶ್ ಹಿಂದಕ್ಕೆ ತಿರುಗಿ ನೋಡಿ, "ಸರ, ಮೆಲ್ಲಕ ಮಾತಾಡ್ರಿ" ಎಂದ. "ಯವ್ವಾ, ರೇಣುಕವ್ವಾ, ಸ್ವಲ್ಪ ಬಾ ಇಲ್ಲಿ."

ರೇಣುಕಮ್ಮ ಬಂದು ಕೇಳಿಸಿಕೊಂಡಳು. ಆಮೇಲೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ನೀವು ಬರೋದಕ್ಕಿಂತ ಮೊದಲ ಪ್ಲಾಂಟಿನವರ ಕೂಡ ಎಲ್ಲಾ ಮಾತಾಗೇತ್ರಿ ಸರ. ಇಂವ ತಪ್ಪು ನಂದ ಅಂತ ಒಪ್ಪಿಕೊಂಡ್ರ ಇವತ್ತಿಗೇ ಫೈಲು ಮುಚ್ತಾರಂತ. ನಮ್ಮ ಮನ್ಯಾಗಿನವರಿಗೆ ಗೇಟಿನಾಗ ಕುಂದ್ರೋ ಕೆಲಸ. ನನಗ ಕ್ಯಾಂಟೀನಾಗ. ಇವನ್ನ ಪೊಲೀಸಿಗೆ ಕೊಡಾಂಗಿಲ್ಲ, ಲೋಡಿಂಗಿಗೆ ಹಾಕ್ತಾರ."

"ಆದ್ರ ಅದು ಸತ್ಯ ಅಲ್ಲಲ್ಲವ್ವಾ."

"ಸತ್ಯ ನೀವು ಹೇಳಿದ್ರಿ ಅಂತ ಇಟಗೋರಿ. ಆಮ್ಯಾಲೇನಾಗ್ತೈತಿ? ಪ್ಲಾಂಟಿನವರು ನಿಮ್ಮ ಕಂಪನಿ ಮ್ಯಾಲ ಹಾಕ್ತಾರ. ನಿಮ್ಮ ಕಂಪನಿಯವರು ಪ್ಲಾಂಟಿನವರ ಮ್ಯಾಲ ಹಾಕ್ತಾರ. ಬಳ್ಳಾರಿ ಕೋರ್ಟಿಗೆ ನಾವು ಅಡ್ಡಾಡಬೇಕು. ಅದು ಮುಗಿಯೋತನ ಇವರ ಬಾಯಿಗೆ ತುತ್ತು ಯಾರು ಹಾಕ್ತಾರ, ನಿಮ್ಮ ಬುಕ್ಕು ಹಾಕ್ತೈತೇನು?" ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ಆರಿಸುವವಳ ಹಾಗೆ ಒಂದೊಂದನ್ನೇ ಎತ್ತಿ ಬದಿಗಿಡುತ್ತಿದ್ದಳು. "ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಾಕ ನಮ್ಮ ಹೊಟ್ಟಿ ಮ್ಯಾಲ ಕಲ್ಲು ಹಾಕಬ್ಯಾಡ್ರಿ ಯಪ್ಪಾ."

ಲೋಟ ತುಂಬಿ ನೀರು ಅವನ ಬೆರಳ ಮೇಲೆ ಹರಿದು ಕಾಲುಂಗುಷ್ಠಕ್ಕೆ ಬಿತ್ತು. ಮೌನೇಶ್ ಬಗ್ಗಿ ನಳ ನಿಲ್ಲಿಸಿದ. ಆ ಗಳಿಗೆಯಲ್ಲಿ ಹಂಪೇಶನಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ, ಬಿಡುಗಡೆ. ಹೇಳಬೇಕಾಗಿಲ್ಲ. ಅವರೇ ಬೇಡ ಅನ್ನುತ್ತಿದ್ದಾರೆ. ಅದರ ಬೆನ್ನಿಗೇ ಉಳಿದದ್ದೆಲ್ಲ ಬಂತು, ಅವಳ ಮಾತು ನಿಜವೆಂಬುದು, ಅವಳಿಗಿಂತ ಚೆನ್ನಾಗಿ ಇದನ್ನು ಯಾರೂ ತೂಗಿರಲಾರರೆಂಬುದು, ಪಾಪ ಈ ಹುಡುಗ ಎಂಬುದು. ಆದರೆ ಬಿಡುಗಡೆಯೇ ಮೊದಲು ಬಂದಿತ್ತು. ಅದನ್ನು ಅವನು ನೋಡಿಬಿಟ್ಟಿದ್ದ. ಇನ್ನು ನೋಡಿಲ್ಲವೆಂದು ಮಾಡಲು ಬರುವಂತಿರಲಿಲ್ಲ.

ಒಳಗೆ ತನಿಖಾಧಿಕಾರಿಗೆ ನೆಗಡಿ ಆಗಿತ್ತು. ಕರವಸ್ತ್ರವನ್ನು ಫೈಲಿನ ಮೇಲೆಯೇ ಇಟ್ಟುಕೊಂಡಿದ್ದರು. ಟೈಪ್ ಮಾಡುವವಳು ಬೆರಳು ಎತ್ತಿ ಕಾಯುತ್ತಿದ್ದಳು. ಎಸಿಯ ತಣ್ಣನೆ ಗಾಳಿ ಹಂಪೇಶನ ಒದ್ದೆ ಕಾಲಿಗೆ ತಾಗುತ್ತಿತ್ತು.

"ಕೈಪಿಡಿ ಬರೆದವರು ನೀವೇನಾ?"

"ಹೌದು ಸರ್."

"ಎರಡು ಬಗೆಯ ನಿಲ್ಲಿಸು ಇವೆ, ಯಾವಾಗ ಯಾವುದನ್ನು ಬಳಸಬೇಕು ಎಂಬುದು ನಿಮ್ಮ ಪುಸ್ತಕದಲ್ಲಿ ಸ್ಪಷ್ಟವಾಗಿದೆಯೇ?"

ಅಂಜಿನಯ್ಯ ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಿದ್ದರು. ಮೌನೇಶ್ ಮಾತ್ರ ಅವನನ್ನೇ ನೋಡುತ್ತ, ಪರೀಕ್ಷೆಯಲ್ಲಿ ತಡವರಿಸುವ ಗೆಳೆಯನಿಗೆ ಉತ್ತರ ಹೇಳಿಕೊಡುವವನ ಹಾಗೆ, ಹೌದು ಅನ್ನಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ.

"ಸ್ಪಷ್ಟವಾಗಿದೆ," ಎಂದ ಹಂಪೇಶ್.

ಟೈಪ್ ಸದ್ದು. ಅಧಿಕಾರಿ ಮೂಗು ಒರೆಸಿಕೊಂಡು ಮೌನೇಶನ ಕಡೆ ತಿರುಗಿದರು. "ನೀನು ಪುಸ್ತಕ ಓದಿದ್ದೆಯಾ?"

"ಓದಿದ್ನಿರಿ."

"ಮತ್ತೆ?"

"ನನಗ ತಿಳೀಲಿಲ್ರಿ ಸರ. ನಾನು ದಡ್ಡ ಅದೀನ್ರಿ." ಮೌನೇಶ್ ಅದನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ, ತುಸು ಬೇಗ ಹೇಳಿದ. ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗ. ತರಬೇತಿಯಲ್ಲಿ ಎಲ್ಲರೂ ನಕ್ಕ ದಿನ, ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಆ ನಂಬರ್ ಇದ್ರ ಚಲೋ ಸರ, ತೆಗೀಬ್ಯಾಡ್ರಿ" ಎಂದವನು ಇವನೇ. ಹಂಪೇಶ್ ಅದನ್ನು ಇಷ್ಟು ದಿನ ನೆನಪಿಗೆ ಬರದಂತೆ ಎಲ್ಲಿಟ್ಟಿದ್ದ? ಟೈಪ್ ಮಾಡುವವಳು ದಡ್ಡ ಎಂಬ ಮಾತನ್ನು ಹಾಕಬೇಕೇ ಬೇಡವೇ ಎಂದು ಅಧಿಕಾರಿಯ ಮುಖ ನೋಡಿದಳು. ಹಾಕು ಎಂಬಂತೆ ಅವರು ಕೈ ಆಡಿಸಿದರು. ಸಹಿ ಮಾಡುವಾಗ ಹಂಪೇಶ್ ಬಲಗೈಯನ್ನೇ ಬಳಸಿದ. ಅಕ್ಷರ ದುಂಡಗೆ ಬಂತು.

ಸಂಡೂರು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅಂಜಿನಯ್ಯ ಮಂಡಕ್ಕಿ ಮಿರ್ಚಿ ಹೇಳಿದರು. ಎಷ್ಟೋ ದಿನದ ಮೇಲೆ ಅವರಿಗೆ ಹಸಿವಾದಂತಿತ್ತು. "ಆ ಹೆಣ್ಮಗಳು ಶಾಣ್ಯಾಕಿ," ಎಂದರು. "ನಾವು ನೀವು ಓದಿದ್ದು ಏನೂ ಅಲ್ಲ ಆಕಿ ಮುಂದ. ತಿನ್ರಿ, ಆರತೈತಿ." ಹಂಪೇಶ್ ಮಿರ್ಚಿಯನ್ನು ಮುರಿದ. ಒಳಗಿನಿಂದ ಹಬೆ ಬಂತು. ಈ ಹೊತ್ತಿಗೆ ಪ್ಲಾಂಟುಗಳಲ್ಲಿ ಪೂಜೆ ಮುಗಿದಿರುತ್ತದೆ. ಅಲ್ಲೆಲ್ಲ ಬೆಳಗಿನ ಶಿಫ್ಟಿನಲ್ಲೇ ಮಾಡುತ್ತಾರೆ. ಯಾರಿಂದಲೂ ಫೋನ್ ಬಂದಿಲ್ಲ, ಅಂದರೆ ಏನೂ ಆಗಿಲ್ಲ. ಹೀಗೆ ಲೆಕ್ಕ ಹಾಕಿ ಅವನು ಒಂದು ತುತ್ತು ತಿಂದ. ತಿಂದದ್ದು ಗಂಟಲಲ್ಲಿರುವಾಗಲೇ ಕಂಪ್ಲಿಯ ಅಕ್ಕಿ ಗಿರಣಿ ನೆನಪಾಯಿತು. ಗಿರಣಿಯವರು ಶೈವರು, ಹಳೆಯ ಮನೆತನ. ಅಮಾವಾಸ್ಯೆ ಪೂಜೆಯನ್ನು ದೀಪ ಹಚ್ಚುವ ಹೊತ್ತಿಗೇ ಮಾಡುವುದು. ಹೋದ ವರ್ಷ ಅಲ್ಲಿ ಬುಕ್ಕು ಕೊಡಲು ಹೋದಾಗ ಅವನಿಗೂ ಪ್ರಸಾದ ಕೊಟ್ಟಿದ್ದರು. ಭತ್ತದ ಬೆಲ್ಟಿನ ಡ್ರಮ್ಮಿಗೆ ಮೂರು ಬೆರಳಿನ ವಿಭೂತಿ ಎಳೆದು, ಮನೆಯ ಹಿರಿಯನೇ ಬಗ್ಗಿ ಲಿಂಬೆಹಣ್ಣು ಕಟ್ಟಿದ್ದ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ಹೊನ್ನೂರುಸ್ವಾಮಿ. ಬುಕ್ಕನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಿದ್ದ.

ಹೊರಗೆ ಬೆಳಕು ಇಳಿಯುತ್ತಿತ್ತು. ಹೋಟೆಲಿನವನು ದೇವರ ಪಟಕ್ಕೆ ಊದಿನಕಡ್ಡಿ ಸಿಕ್ಕಿಸುತ್ತಿದ್ದ.

"ಎಲ್ಲಿಗೆ?" ಎಂದರು ಅಂಜಿನಯ್ಯ.

ಅವನು ಮೆಟ್ಟಿಲಿಳಿದು ರಸ್ತೆಯಂಚಿಗೆ ಬಂದು ನಂಬರ್ ಒತ್ತಿದ. ಈ ಸಲ ಕತ್ತರಿಸಲಿಲ್ಲ. ಎಷ್ಟೋ ರಿಂಗಿನ ಮೇಲೆ ಅತ್ತ ಎತ್ತಿದರು. ಎತ್ತಿದ್ದೇ ಗಿರಣಿಯ ಗದ್ದಲ ಕಿವಿಗೆ ನುಗ್ಗಿತು.

"ಹೊನ್ನೂರುಸ್ವಾಮಿ? ನಾನು ಹಂಪೇಶ. ಹೊಸಪೇಟಿ ಕಂಪನಿಯಿಂದ."

"ಹಾಂ? ಯಾರು? ಕೇಳವಲ್ದು, ಜೋರಾಗಿ ಹೇಳ್ರಿ!"

ಜೋರಾಗಿ ಹೇಳಲು ಬಾಯಿ ತೆರೆದ. ರಸ್ತೆಯ ಆಚೆ ಬಸ್ಸಿಗೆ ಕಾದು ನಿಂತವರ ನಡುವೆ ಮೌನೇಶ್, ಉಜ್ಜಿನಪ್ಪ, ರೇಣುಕಮ್ಮ ಇದ್ದರು. ಅವರ ಪಕ್ಕದಲ್ಲೇ ಪ್ಲಾಂಟಿನ ಗುಮಾಸ್ತನೊಬ್ಬ ಬೈಕಿಗೆ ಒರಗಿ ಬೀಡಿ ಸೇದುತ್ತಿದ್ದ. ರೇಣುಕಮ್ಮ ಹಂಪೇಶನನ್ನು ನೋಡಿದಳು. ಹಂಪೇಶ್ ಗೋಡೆಯ ಕಡೆ ತಿರುಗಿ ಫೋನಿಗೆ ಕೈ ಅಡ್ಡ ಹಿಡಿದ.

"ಪೂಜಿ ಹೊತ್ತಿನಾಗ ಎರಡನೇ ನಿಲ್ಲಿಸು ಕೊಡು. ಬ್ಯಾಡ್ಜ್ ಹಾಕಿ ಕೊಡೋದು."

"ಏನೂ ಕೇಳವಲ್ದು ಸರ. ಸಾವುಕಾರ್ರು ಕಾಯಿ ಹಿಡಕೊಂಡು ನಿಂತಾರ. ಪೂಜಿ ಮುಗಿಸಿ ನಾನ ಫೋನ್ ಮಾಡ್ತೀನಿ."

"ಇಡಬ್ಯಾಡ! ಇಡಬ್ಯಾಡಲೇ!" ದನಿ ತಾನಾಗಿಯೇ ಒಡೆದು ಹೊರಬಿತ್ತು. "ಬ್ಯಾಡ್ಜ್ ನಂಬರ್ ಹಾಕಿ ನಿಲ್ಲಿಸು! ಸಣ್ಣದು ಕೊಡಬ್ಯಾಡ! ಸಣ್ಣದು ತಾನ ಚಾಲೂ ಆಗ್ತೈತಿ!"

ಬಸ್ಸಿಗೆ ನಿಂತವರು ತಿರುಗಿದರು. ಗುಮಾಸ್ತನೂ ತಿರುಗಿದ. ಹೋಟೆಲಿನ ಬಾಗಿಲಲ್ಲಿ ಅಂಜಿನಯ್ಯ, ಕೈಯಲ್ಲಿ ಅರ್ಧ ತಿಂದ ಮಿರ್ಚಿ.

"ಬುಕ್ಕಿನಾಗ ಹಂಗ ಇಲ್ಲಲ್ರೀ," ಎಂದ ಹೊನ್ನೂರುಸ್ವಾಮಿ ಅತ್ತಲಿಂದ, ಅಷ್ಟೇ ಜೋರಾಗಿ, ಅಷ್ಟೇ ಮರ್ಯಾದೆಯಿಂದ. "ಪುಟ ತಗದು ಮುಂದ ಇಟಗೊಂಡೀನಿ. ನಿಲ್ಲಿಸು ಅಂತ ಅಷ್ಟ ಐತಿ. ನೀವ್ಯಾರೋ ಏನೋ, ಫೋನಿನಾಗ ಹೇಳ್ತೀರಿ. ಬುಕ್ಕು ಬರದವರಿಗೆ ಗೊತ್ತಿರಾಂಗಿಲ್ಲೇನು?"

"ಬುಕ್ಕು ತಪ್ಪೈತಿ! ಬರದಾಂವ ನಾನ! ನಾನ ತಪ್ಪು ಬರದೀನಿ!"

ಗುಮಾಸ್ತ ಬೀಡಿ ಬಿಸಾಕಿ ಜೇಬಿನಿಂದ ತನ್ನ ಫೋನು ತೆಗೆಯುತ್ತಿದ್ದ. ಮೌನೇಶ್ ತಲೆ ತಗ್ಗಿಸಿದ. ರೇಣುಕಮ್ಮ ಗಂಡನ ಹತ್ತಿರದಿಂದ ಸರಿದು, ಬರುತ್ತಿದ್ದ ಲಾರಿಯನ್ನೂ ಲೆಕ್ಕಿಸದೆ ರಸ್ತೆಗೆ ಇಳಿದಳು. ಅವಳು ನೇರ ತನ್ನ ಕಡೆಗೇ ಬರುತ್ತಿದ್ದಾಳೆಂದು ಹಂಪೇಶನಿಗೆ ಕಂಡಿತು. ಅಷ್ಟರಲ್ಲಿ ಫೋನಿನೊಳಗಿನ ಗದ್ದಲ ಥಟ್ಟನೆ ನಿಂತಿತು. ಗಂಟೆ ಬಾರಿಸುವ ಸದ್ದು, ಯಾರೋ ಕೆಮ್ಮಿದ್ದು, ದೂರದಲ್ಲಿ ಒಂದು ನಗು. ಬೆಲ್ಟು ನಿಂತಿದೆ. "ಹೊನ್ನೂರುಸ್ವಾಮಿ, ಯಾವುದು ಕೊಟ್ಟಿ? ಯಾವ ನಿಲ್ಲಿಸು ಕೊಟ್ಟಿ?" ಫೋನನ್ನು ಮೇಜಿನ ಮೇಲೆ ಇಟ್ಟು ಹೋಗಿದ್ದನೋ ಏನೋ, ಯಾರೂ ಮಾತಾಡಲಿಲ್ಲ. ಹಂಪೇಶ್ ಎರಡೂ ಕೈಯಿಂದ ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ನಿಶ್ಶಬ್ದ ಮುಗಿಯದಿರಲೆಂದು ಕೇಳುತ್ತ ನಿಂತ.